ಶೂನ್ಯಮಾಸದ ಆಯುಧಪೂಜೆ

ಲಾರಿ ಕರಡಿ ಏರಿನ ಅರ್ಧ ದಾಟುವಾಗ ಇದ್ದಿಲ ಮೂಟೆಗಳ ಮೇಲೆ ಕೂತಿದ್ದ ಹೆಂಗಸರ ಮೂಗಿಗೆ ಬಾಳೆಹಣ್ಣಿನ ವಾಸನೆ ಬಡಿಯಿತು.

"ಯಾರೇ ಅದು, ನಮಗ್ಯಾರಿಗೂ ತೋರಿಸ್ದೆ ಒಬ್ಳೇ ತಿಂತಿರೋಳು?" ಹುಲಿಗೆಮ್ಮ ಹಿಂದಕ್ಕೆ ತಿರುಗಿ ಕೇಳಿದಳು. ಲೋಡು ಹೊರುವ ಆ ಗುಂಪಿಗೆ ಅವಳೇ ಹಿರಿಯಳು. ಗುತ್ತಿಗೆದಾರ ಕೂಗಿದರೂ ಏಳದ ಹೆಂಗಸರು ಅವಳು ಕೆಮ್ಮಿದರೆ ಏಳುತ್ತಿದ್ದರು.

"ತಿನ್ನೋ ಹಣ್ಣಿನ ವಾಸನೆ ಅಲ್ಲ ಕಣಕ್ಕ. ರಸಾಯನ ಸೀದಂಗಿದೆ," ಎಂದಳು ದ್ಯಾಮಮ್ಮ.

"ರಸಾಯನ ಒಲೆ ಮೇಲೆ ಇಡ್ತಾರೇನೇ? ನಿಮ್ಮನೇಲಿ ಇಡ್ತಾರೇನೋ."

"ನಮ್ಮನೇಲಿ ಬಾಳೆಹಣ್ಣು ಕಂಡೋರು ಯಾರು ಮಾರಾಯ್ತಿ."

ಎಲ್ಲರೂ ನಕ್ಕರು. ಇದ್ದಿಲು ಹೊತ್ತು ಕಪ್ಪಾದ ಮುಖಗಳಲ್ಲಿ ಹಲ್ಲುಗಳಷ್ಟೇ ಕಂಡವು. ಲೋಡಿನ ಮೇಲೆ ಆಳು ಕೂರಬಾರದೆಂದು ಕಾನೂನು ಹೇಳುತ್ತಿತ್ತು. ಕಾಡಿನಿಂದ ಭದ್ರಾವತಿಯ ಗುಡಿಸಲಿಗೆ ಹೋಗುವುದಕ್ಕೆ ಬೇರೆ ಏನನ್ನು ಹತ್ತಬೇಕೆಂದು ಅದು ಹೇಳುತ್ತಿರಲಿಲ್ಲ. ಹಾಗಾಗಿ ಹೆಂಗಸರು ಬೆಳಿಗ್ಗೆ ಖಾಲಿ ಲಾರಿಯಲ್ಲಿ ಬರುತ್ತಿದ್ದರು, ಸಂಜೆ ತಾವೇ ತುಂಬಿದ ಮೂಟೆಗಳ ಮೇಲೆ ಕೂತು ಹೋಗುತ್ತಿದ್ದರು. ಲಕ್ಕವಳ್ಳಿಯಲ್ಲಿ ಡ್ಯಾಮು ಏಳುತ್ತಿದ್ದ ಕಾಲ ಅದು. ಶಂಕರಘಟ್ಟದ ಆಚೆಯ ಕಾಡಿನಿಂದ ಮರ, ಸೌದೆ, ಇದ್ದಿಲು ಎಲ್ಲ ಲಾರಿಗಳ ಬೆನ್ನೇರಿ ಭದ್ರಾವತಿಗೆ ಇಳಿಯುತ್ತಿದ್ದವು.

ದ್ಯಾಮಮ್ಮ ಮುಂದಕ್ಕೆ ತೆವಳಿ ಕ್ಯಾಬಿನ್ನಿನ ನೆತ್ತಿಯ ಮೇಲೆ ಗುದ್ದಿದಳು. ಒಳಗೆ ಸ್ಟೇರಿಂಗು ಹಿಡಿದಿದ್ದವನು ಅವಳ ಗಂಡ ರಾಮಯ್ಯ. ಗುದ್ದು ಕೇಳಿದರೂ ಅವನು ನಿಲ್ಲಿಸಲಿಲ್ಲ. ಏರಿನ ನಡುವೆ ಲೋಡು ಲಾರಿ ನಿಲ್ಲಿಸುವ ಡ್ರೈವರು ಒಂದೋ ಹೊಸಬ, ಇಲ್ಲ ಹುಚ್ಚ. ನೆತ್ತಿ ತಲುಪಿ, ಸಮತಟ್ಟು ನೋಡಿ ನಿಲ್ಲಿಸಿ, ತಲೆ ಹೊರಹಾಕಿ, "ಏನಮ್ಮಾ ನಿಂದು? ಇವತ್ತಾದ್ರೂ ನೆಮ್ಮದಿಯಾಗಿ ಓಡಿಸೋಣ ಅಂದ್ರೆ ಬಿಡಲ್ವಲ್ಲ," ಎಂದ.

ಅವನ ನೆಮ್ಮದಿಗೆ ಕಾರಣವಿತ್ತು. ಬಹಳ ದಿನಗಳಿಂದ ಆ ಲಾರಿಯ ಹಿಂಭಾಗ ಏರಿನಲ್ಲಿ ಕೊಂಯ್ಯೆಂದು ಅಳುತ್ತಿತ್ತು. ಹಿಂದಿನ ಅಚ್ಚಿನ ನಡುವೆ ಒಂದು ಕಬ್ಬಿಣದ ಹೊಟ್ಟೆ ಇರುತ್ತದೆ. ಎಂಜಿನ್ನಿನಿಂದ ಬರುವ ಶಾಫ್ಟು ಅದರೊಳಗಿನ ಹಲ್ಲುಚಕ್ರವನ್ನು ತಿರುಗಿಸಬೇಕು, ಆ ಹಲ್ಲುಚಕ್ರ ಹಿಂದಿನ ಗಾಲಿಗಳನ್ನು ತಿರುಗಿಸಬೇಕು. ಪುಸ್ತಕದಲ್ಲಿ ಅದರ ಹೆಸರು ಡಿಫರೆನ್ಷಿಯಲ್, ಡ್ರೈವರುಗಳ ಬಾಯಲ್ಲಿ ಬರೀ ಹೌಸಿಂಗು. ಅದರ ತುಂಬ ದಪ್ಪ ಎಣ್ಣೆ ಇರಬೇಕು. ಎಣ್ಣೆ ಕೆಟ್ಟರೆ ಹಲ್ಲು ಹಲ್ಲನ್ನು ತಿನ್ನುತ್ತದೆ, ಆಗ ಈ ಅಳು. ರಾಮಯ್ಯ ಶಿವಮೊಗ್ಗದ ಶೆಡ್ಡಿನಲ್ಲಿ ಹೇಳಿ ಹೇಳಿ ಸೋತಿದ್ದ. ನಿನ್ನೆ ಲಾರಿಯನ್ನು ಶೆಡ್ಡಿನಲ್ಲಿ ಬಿಟ್ಟು ಬಂದಿದ್ದ. ಇವತ್ತು ಬೆಳಿಗ್ಗೆ ಹತ್ತಿದರೆ ಅಳುವೇ ಇಲ್ಲ. ಸಾವ್ಕಾರ ಕೊನೆಗೂ ಎಣ್ಣೆ ಬದಲಾಯಿಸಿದನಲ್ಲ ಎಂದು ದಾರಿಯುದ್ದಕ್ಕೂ ಹೊಗಳುತ್ತ ಬಂದಿದ್ದ.

"ಲಾರಿ ಬಾಳೆಹಣ್ಣಿನ ವಾಸನೆ ಹೊಡೀತಿದೆ," ಎಂದಳು ದ್ಯಾಮಮ್ಮ ಮೇಲಿನಿಂದ.

ರಾಮಯ್ಯನ ಮುಖ ಇಳಿದುಹೋಯಿತು. ಸ್ಪ್ಯಾನರು ತೆಗೆದುಕೊಂಡು ಲಾರಿಯಡಿ ತೂರಿದ. ಹೌಸಿಂಗಿನ ಬಿರಡೆ ಬಿಚ್ಚಿ ಬೆರಳು ಹಾಕಿ ಹೊರಗೆ ಬಂದ. ಬೆರಳಿಗೆ ಮೆತ್ತಿದ್ದು ಎಣ್ಣೆಯಾಗಿರಲಿಲ್ಲ. ಮಜ್ಜಿಗೆಯಂಥ ಬಿಳಿ ಲೋಳೆಯಲ್ಲಿ ಸಾಮಿಲ್ಲಿನ ಮರದ ಹುಡಿ, ಅದರ ನಡುವೆ ಬೆಂದ ಬಾಳೆಹಣ್ಣಿನ ನಾರು.

"ಪುಟ್ಟಬಾಳೆ," ಎಂದ. "ಸಿಪ್ಪೆ ಸಮೇತ ತುರುಕಿದಾರೆ."

ಹಳೇ ಲಾರಿ ಮಾರುವವರ ಕಸುಬು ಅದು. ಸವೆದ ಹಲ್ಲುಗಳ ಸಂದಿಗೆ ಹಣ್ಣು, ಹುಡಿ ತುಂಬಿದರೆ ಸದ್ದು ಅಡಗುತ್ತದೆ. ಕೊಳ್ಳುವವನು ಒಂದು ಸುತ್ತು ಓಡಿಸಿ ತಲೆದೂಗುವ ತನಕ ಅಡಗಿದ್ದರೆ ಸಾಕು. ಇಲ್ಲಿ ಕೊಳ್ಳುವವನು ಯಾರೂ ಇರಲಿಲ್ಲ. ಸದ್ದು ಅಡಗಿಸಿದ್ದು ಲಾರಿಯದಲ್ಲ, ರಾಮಯ್ಯನದು.

ಹುಲಿಗೆಮ್ಮ ಮೂಟೆಗಳ ಮೇಲಿನಿಂದ ಇಳಿದು ಬಂದು ಅವನ ಬೆರಳನ್ನು ಹಿಡಿದು ನೋಡಿದಳು. ಅವಳು ನಗುತ್ತಿರಲಿಲ್ಲ. ಮಳೆ ಮುಗಿದ ಹೊಸತರಲ್ಲಿ ಇದೇ ಕರಡಿ ಏರಿನಲ್ಲಿ, ಇದೇ ಸಾವ್ಕಾರನ ಇನ್ನೊಂದು ಲಾರಿಯ ಹೌಸಿಂಗಿನ ಹಲ್ಲು ಮುರಿದಿತ್ತು. ಹಲ್ಲು ಮುರಿದರೆ ಎಂಜಿನ್ನಿಗೂ ಗಾಲಿಗೂ ನಂಟು ಕಡಿಯುತ್ತದೆ, ಗೇರು ಹಿಡಿಯುವುದಿಲ್ಲ. ಆ ಲಾರಿಗಳ ಹ್ಯಾಂಡ್‌ಬ್ರೇಕು ಹಿಡಿಯುವುದೂ ಅದೇ ಶಾಫ್ಟನ್ನು, ಅದೂ ಹೋಯಿತು. ಕಾಲಿನ ಬ್ರೇಕೊಂದೇ ಅಷ್ಟು ಭಾರ ತಡೆಯಲಾರದೆ ಲಾರಿ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತು. ಡ್ರೈವರು ಪುಟ್ಟಯ್ಯ ಸತ್ತ. ಅವನು ಹುಲಿಗೆಮ್ಮನ ಒಡಹುಟ್ಟಿದ ತಮ್ಮ. ಅವತ್ತು ಮೇಲೆ ಹೆಂಗಸರು ಇರಲಿಲ್ಲ, ಅಷ್ಟೇ. 'ಕುಡಿದಿದ್ದ' ಎಂದ ಸಾವ್ಕಾರ. 'ಕುಡಿದಿದ್ದ' ಎಂದು ಪೊಲೀಸರು ಬರೆದುಕೊಂಡರು. ಕೇಸು ಮುಗಿಯಿತು.

"ಇನ್ನು ಎಷ್ಟು ದಿನ ತಡೆಯುತ್ತೆ ಇದು?" ಹುಲಿಗೆಮ್ಮ ಕೇಳಿದಳು.

"ನಾಳೆ ಮುರೀಬಹುದು. ತಿಂಗಳು ಬಿಟ್ಟು ಮುರೀಬಹುದು. ಸದ್ದಿದ್ದಿದ್ರೆ ಗೊತ್ತಾಗ್ತಿತ್ತು. ಅದನ್ನೂ ಕಿತ್ಕೊಂಡ್ರಲ್ಲಕ್ಕ."

"ಮಿಕ್ಕ ಮೂರು ಲಾರಿ?"

"ಅವೂ ಕಾಡಲ್ಲಿ ಇದೇ ಹಳ್ಳ ದಾಟ್ತಾವೆ, ಅವಕ್ಕೂ ನೀರು ಹೊಕ್ಕಿರುತ್ತೆ."

ನಾಲ್ಕು ಲಾರಿಗಳಲ್ಲಿ ಯಾವುದು ಬಂದರೆ ಅದರ ಮೇಲೆ ಹೆಂಗಸರು ಕೂರಬೇಕಿತ್ತು. ಹುಲಿಗೆಮ್ಮ ತಲೆಗೆ ಸುತ್ತಿದ್ದ ಸಿಂಬಿಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. "ಏಳ್ರೇ, ಇಳೀರಿ ಎಲ್ಲ. ಭದ್ರಾವತಿ ತನಕ ನಡೆಯೋದು. ರಾಮಯ್ಯ, ನೀನು ಲೋಡು ಇಳಿಸಿ ನನಗೆ ಕಾಯ್ತಿರು. ಶಿವಮೊಗ್ಗಕ್ಕೆ ನಾನೂ ಬರ್ತೀನಿ."

*

ಸಾವ್ಕಾರ ಕೊಟ್ರಬಸಪ್ಪನ ಶೆಡ್ಡು ಶಿವಮೊಗ್ಗದಲ್ಲಿ ಭದ್ರಾವತಿ ರಸ್ತೆಗೆ ಮುಖ ಮಾಡಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲಿಗೆ ಜರಿ ಅಂಚಿನ ವಲ್ಲಿ, ಬಾಯ್ತುಂಬ ನಗೆ. ಕೆಟ್ಟ ಮನುಷ್ಯ ಎಂದು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಠಕ್ಕೆ ಅಕ್ಕಿ ಕೊಡುತ್ತಿದ್ದ, ಮದುವೆಗೆ ಲಾರಿ ಬಿಟ್ಟಿ ಬಿಡುತ್ತಿದ್ದ. ಮನುಷ್ಯ ಒಳ್ಳೆಯವನಾಗಿದ್ದೇ ಎಷ್ಟು ಜನರನ್ನು ಕೊಲ್ಲಬಹುದು ಎಂಬುದಕ್ಕೆ ನಮ್ಮ ಊರುಗಳಲ್ಲಿ ಇಂಥವರೇ ಸಾಕ್ಷಿ.

"ಬಾರವ್ವ ಹುಲಿಗೆಮ್ಮ. ಟೀ ಕುಡೀತೀಯಾ? ಏನೋ ರಾಮಯ್ಯ, ಸದ್ದು ನಿಂತಿತೇನೋ?"

"ಸದ್ದು ನಿಂತಿದೆ ಸಾವ್ಕಾರ್ರೆ. ಸವೆಯೋದು ನಿಂತಿಲ್ಲ. ಹೌಸಿಂಗಿಗೆ ಬಾಳೆಹಣ್ಣು ಹಾಕಿಸಿದೀರಿ."

"ಹಾಕಿಸಿದ್ರೆ ಏನಾಯ್ತೋ? ದೇವರಿಗೆ ಇಡ್ತೀವಿ, ಲಾರಿಗೆ ಇಡಬಾರದಾ?" ಶೆಡ್ಡಿನಲ್ಲಿದ್ದ ಮಿಕ್ಕ ಡ್ರೈವರುಗಳು ಅಭ್ಯಾಸದಂತೆ ನಕ್ಕರು. ಲಾರಿಯೊಂದರ ಪಕ್ಕ ಕೂತಿದ್ದ ಮೇಸ್ತ್ರಿ ಪಳನಿ ಮಾತ್ರ ನಗದೆ ನೆಲ ನೋಡಿದ. ಹಣ್ಣು ತುರುಕಿದ್ದು ಅವನ ಕೈ. ಭದ್ರಾವತಿಯ ತಮಿಳರ ಕೇರಿಯವನು, ಬಾಯಿಗಿಂತ ಸ್ಪ್ಯಾನರಿನಲ್ಲಿ ಹೆಚ್ಚು ಮಾತಾಡುವವನು.

"ಎಣ್ಣೆ ನೀರು ಕುಡಿದು ಬೆಳ್ಳಗಾಗಿದೆ. ಬದಲಾಯಿಸ್ಬೇಕು," ಎಂದ ರಾಮಯ್ಯ.

"ಆಯುಧಪೂಜೆಗೆ ಬದಲಾಯಿಸಿದ್ವಲ್ಲೋ. ಇನ್ನೂ ಆ ಹೂವಿನ ಹಾರ ಒಣಗಿಲ್ಲ. ವರ್ಷಕ್ಕೊಂದು ಸಲ ಹೌಸಿಂಗ್ ಬಿಚ್ಚೋದು, ಪೂಜೆ ದಿವಸ ಹೊಸ ಎಣ್ಣೆ ತುಂಬೋದು. ನಮ್ಮಪ್ಪಾಜಿ ಕಾಲದಿಂದ ಬಂದ ಪದ್ಧತಿ."

"ಹೊಳೆಹೊನ್ನೂರಿಂದ ಭತ್ತ ಹೊಡೆಯೋ ಲಾರಿಗೆ ವರ್ಷಕ್ಕೊಂದು ಸಲ ಸಾಕಾಗಬಹುದು ಸಾವ್ಕಾರ್ರೆ, ಒಣ ರಸ್ತೆ. ನಾವು ದಿನಾ ಹಳ್ಳಕ್ಕೆ ಇಳಿಸ್ತೀವಿ. ಓಡಿ ಓಡಿ ಕಾದ ಹೌಸಿಂಗು ತಣ್ಣೀರಿಗೆ ಇಳಿದ್ರೆ ಉಸಿರು ಒಳಕ್ಕೆ ಎಳ್ಕೊಳ್ಳುತ್ತೆ. ಉಸಿರಿನ ಜೊತೆ ನೀರು. ಪಂಚಾಂಗ ನೋಡಿ ಎಣ್ಣೆ ಹಾಕೋದಲ್ಲ ಇದು."

"ಹಂಗಂತ ಹಳ್ಳ ದಾಟಿದಾಗೆಲ್ಲ ಬಿಚ್ತಾ ಕೂತ್ರೆ ಲಾರಿ ಓಡೋದು ಯಾವಾಗ? ನಿಂತ ಲಾರಿ ಯಾರಿಗಪ್ಪಾ ಬೇಕು?"

"ದಾಟಿದಾಗೆಲ್ಲ ಬದಲಾಯಿಸೋದು ಬೇಡ. ದಾಟಿದಾಗೆಲ್ಲ ನೋಡ್ಬೇಕು. ಬೆಳ್ಳಗಿದ್ರೆ ಅವತ್ತೇ ಇಳಿಸ್ಬೇಕು."

ಕೊಟ್ರಬಸಪ್ಪ ಹುಲಿಗೆಮ್ಮನ ಕಡೆ ತಿರುಗಿ, ಹಟದ ಮಗುವಿನ ಬಗ್ಗೆ ಹಿರಿಯರೊಡನೆ ಮಾತಾಡುವ ದನಿಯಲ್ಲಿ, "ನೋಡವ್ವ, ನಮ್ಮಪ್ಪಾಜಿ ನೂರಾರು ಗಾಡಿ ಹೊಡೆಸಿದ್ರು. ಪೂಜೆ ಇಲ್ದೆ ಅಚ್ಚು ಬಿಚ್ಚಿದೋರಲ್ಲ," ಎಂದ.

"ಅಚ್ಚು ಬಿಚ್ತಿರಲಿಲ್ಲ, ಹೌದು," ಎಂದಳು ಹುಲಿಗೆಮ್ಮ. "ಗಾಡಿ ಕೆಳಗೆ ಕೀಲೆಣ್ಣೆ ಗೊಟ್ಟ ತೂಗಾಡ್ತಿತ್ತಲ್ಲ, ಅದನ್ನ ಮರೆತ್ರಾ? ನಮ್ಮಪ್ಪ ನಿಮ್ಮಪ್ಪಾಜಿ ಗಾಡೀನೇ ಹೊಡೀತಿದ್ದ. ದಾರೀಲಿ ಕೀಚ್ ಅಂದ್ರೆ ಅಲ್ಲೇ ಇಳಿದು ಎಣ್ಣೆ ಬಿಡ್ತಿದ್ದ. ದಸರಾ ಬರಲಿ ಅಂತ ಕಾಯ್ತಿರಲಿಲ್ಲ. ಕಾಯ್ದಿದ್ರೆ ಎತ್ತು ಮಲಗ್ತಿತ್ತು. ಎತ್ತು ನಿಮ್ಮದು. ಡ್ರೈವರು ಯಾರದ್ದೋ ಮನೇದು. ಅದಕ್ಕೆ ಈಗ ವರ್ಷಕ್ಕೊಂದು ಸಲ."

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಕೊಟ್ರಬಸಪ್ಪನ ನಗೆಯೂ ಸಣ್ಣಗಾಯಿತು.

"ತಮ್ಮನ ಸಂಕಟ, ಮಾತಾಡ್ತಿದೀಯ. ಮಾತಾಡು. ಆದ್ರೆ ಅವನು ಕುಡಿದು ಹೊಡೆದಿದ್ದಕ್ಕೆ ನನ್ನ ಲಾರಿ ಏನು ಮಾಡುತ್ತೆ?"

"ನನ್ನ ತಮ್ಮ ಕುಡೀತಿದ್ದ ಸಾವ್ಕಾರ್ರೆ, ಸುಳ್ಳು ಹೇಳಲ್ಲ. ದಸರಾದಲ್ಲಿ ನೀವೇ ಕೊಡಿಸಿದ್ರಿ. ಆದ್ರೆ ಅವತ್ತು ಕುಡಿದಿದ್ದು ಅವನಲ್ಲ, ನಿಮ್ಮ ಲಾರಿ. ಲಾರಿ ನೀರು ಕುಡಿದಿದೆ ಅಂತ ಅವನು ಇದೇ ಶೆಡ್ಡಲ್ಲಿ ನಿಂತು ಹೇಳಿದ್ದ. ಕೇಳಿದೋರು ಇಲ್ಲೇ ಇದಾರೆ. ಪೊಲೀಸರು ಬಂದಾಗ ನೀವು 'ಕುಡಿದಿತ್ತು' ಅನ್ನೋದನ್ನ 'ಕುಡಿದಿದ್ದ' ಅಂದ್ರಿ. ಒಂದಕ್ಷರ. ಸತ್ತೋನ ಬಾಯಿಗೆ ಸಾರಾಯಿ ಹುಯ್ದ್ರಿ."

ಕೊಟ್ರಬಸಪ್ಪ ಎದ್ದು ನಿಂತ. "ರಾಮಯ್ಯ, ಓಡಿಸೋಕಾಗಲ್ಲ ಅಂದ್ರೆ ಬೀಗದಕೈ ಇಡು. ಶಿವಮೊಗ್ಗದಲ್ಲಿ ಲೈಸೆನ್ಸ್ ಇಟ್ಕೊಂಡು ಬೀದೀಲಿ ಕೂತೋರು ಬೇಕಾದಷ್ಟಿದಾರೆ. ಪೂಜೆಗೆ ಬದಲಾಯಿಸ್ತೀನಿ ಅಂದ್ನಲ್ಲ, ಪೂಜೆಗೆ ಬದಲಾಯಿಸ್ತೀನಿ."

ರಾಮಯ್ಯನ ಕೈ ಜೇಬಿಗೆ ಹೋಯಿತು. ಬೀಗದಕೈ ಇಟ್ಟರೆ ನಾಳೆ ಬೆಳಿಗ್ಗೆ ಬೇರೆ ಯಾರೋ ಅದೇ ಬಾಳೆಹಣ್ಣಿನ ಹೌಸಿಂಗು ಓಡಿಸುತ್ತಾನೆ, ಅದರ ಮೇಲೆ ಅದೇ ಹೆಂಗಸರು ಕೂರುತ್ತಾರೆ. ಅವರಲ್ಲಿ ಒಬ್ಬಳು ದ್ಯಾಮಮ್ಮ. ಕೈ ಜೇಬಿನಲ್ಲೇ ಉಳಿಯಿತು.

"ಪೂಜೆ ಆದ ದಿವಸ ಬದಲಾಯಿಸ್ತೀರಾ?" ಹುಲಿಗೆಮ್ಮ ನಿಧಾನವಾಗಿ ಕೇಳಿದಳು.

"ಆದ ದಿವಸವೇ. ನಾಲ್ಕಕ್ಕೂ. ಇದು ಕೊಟ್ರಬಸಪ್ಪನ ಮಾತು, ಹಿಂದೆ ಮುಂದೆ ಇಲ್ಲ."

"ಎಲ್ಲರೂ ಕೇಳಿಸ್ಕೊಂಡ್ರೇನಪ್ಪ?" ಎಂದಳು ಅವಳು ಡ್ರೈವರುಗಳಿಗೆ. ಅವರು ಏನೂ ಅರ್ಥವಾಗದೆ ತಲೆಯಾಡಿಸಿದರು.

*

ಮಾರನೆಯ ಬೆಳಿಗ್ಗೆ, ಧನುರ್ಮಾಸದ ಚಳಿಯಲ್ಲಿ ದೇವಸ್ಥಾನಗಳ ಹುಗ್ಗಿ ಹಂಚಿ ಮುಗಿಯುವ ಹೊತ್ತಿಗೆ, ಶೆಡ್ಡಿನೊಳಗಿದ್ದ ನಾಲ್ಕೂ ಲಾರಿಗಳು ಹೊರಗೆ ರಸ್ತೆಯಂಚಿನಲ್ಲಿ ಸಾಲಾಗಿ ನಿಂತಿದ್ದವು. ಬಾನೆಟ್ಟಿಗೆ ಚೆಂಡುಹೂವು, ಕನ್ನಡಿಗೆ ಮಾವಿನಸೊಪ್ಪು, ಎರಡು ಪಕ್ಕಕ್ಕೆ ಬಾಳೆಕಂದು. ಗಾಲಿಗಳ ಮುಂದೆ ನಿಂಬೆಹಣ್ಣು. ರಾಮಯ್ಯನೂ ಮಿಕ್ಕ ಡ್ರೈವರುಗಳೂ ಅವನ್ನು ರಾಗಿಗುಡ್ಡದ ಕಡೆ ಒಂದು ಸುತ್ತು ಹೊಡೆದು ಆಗತಾನೇ ತಂದು ನಿಲ್ಲಿಸಿದ್ದರು. ಚಳಿಗೆ ಗಟ್ಟಿಯಾದ ಎಣ್ಣೆ ಕಾಯದೆ ಇಳಿಯುವುದಿಲ್ಲ.

ಮಿಕ್ಕ ಮೂವರು ಡ್ರೈವರುಗಳನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದರು. "ಮುಷ್ಕರ ಅಂದ್ರೆ ನಾವು ಬರಲ್ಲ," ಎಂದಿದ್ದರು. "ಮುಷ್ಕರ ಅಂತ ಯಾರು ಅಂದ್ರು? ಪೂಜೆ," ಎಂದಿದ್ದಳು ಹುಲಿಗೆಮ್ಮ. ಪೂಜೆಗೆ ಬರುವುದಿಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಹಾಲು ಹಾಕಿ ಹೋಗುತ್ತಿದ್ದವರು, ಸೈಕಲ್ಲಿನವರು, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಎಲ್ಲ ನೆರೆದರು. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಹೆಂಗಸರು ಮುಖ ತೊಳೆದು, ಮಡಿಸೀರೆ ಉಟ್ಟು, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದಿದ್ದರು. ಇದ್ದಿಲಿಲ್ಲದ ಆ ಮುಖಗಳನ್ನು ಡ್ರೈವರುಗಳೇ ಗುರುತಿಸಲಿಲ್ಲ.

"ಇದೇನ್ರೋ ಇದು? ಶೂನ್ಯಮಾಸದಲ್ಲಿ ಆಯುಧಪೂಜೆನಾ?" ಕಚ್ಚೆ ಪಂಚೆಯ ಮುದುಕನೊಬ್ಬ ಗದರಿದ. "ದಸರಾ ಆಗಿ ಹೋಯ್ತಲ್ರೋ! ಪೂಜಾರಪ್ಪ ಎಲ್ಲಿ?"

"ಪೂಜಾರಪ್ಪ ಒಲ್ಲೆ ಅಂದ್ರು ತಾತ. ಮುಹೂರ್ತ ಇಲ್ವಂತೆ," ಎಂದಳು ದ್ಯಾಮಮ್ಮ. "ಲಾರಿ ಹಿಂದಕ್ಕೆ ಜಾರೋವಾಗ ಮುಹೂರ್ತ ಕೇಳಲ್ಲ. ಅದಕ್ಕೆ ನಾವೂ ಕೇಳಲಿಲ್ಲ."

ಕುಂಕುಮ ತುಂಬಿದ ಬೂದುಗುಂಬಳಕಾಯಿ ಎತ್ತಿಕೊಂಡು ಹುಲಿಗೆಮ್ಮ ಮುಂದೆ ಬಂದಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಗಂಡ ಸತ್ತವಳು, ಬರಿಹಣೆ, ಬರಿಗೈ.

"ಥೂ, ಮುಂಡೆ ಕೈಲಿ ದೃಷ್ಟಿ ತೆಗೆಸ್ತಾರೇನ್ರೋ? ಮುತ್ತೈದೇರಿಗೇನು ಬರವಾ?"

ಹುಲಿಗೆಮ್ಮ ಮಾತು ಬಂದ ದಿಕ್ಕಿಗೆ ತಿರುಗಿದಳು. "ದಸರಾದಲ್ಲಿ ಮುತ್ತೈದೇರೇ ಆರತಿ ಎತ್ತಿದ್ದು ಕಣಪ್ಪ, ಜರಿ ಸೀರೆ ಉಟ್ಟು. ಆ ಆರತಿ ತಗೊಂಡ ಲಾರೀನೇ ನನ್ನ ತಮ್ಮನ್ನ ತಿಂದಿದ್ದು. ಮುಂಡೆ ಕೈಲಿ ಮಾಡಿಸ್ಕೊಂಡ ಲಾರಿ ಇದಕ್ಕಿಂತ ಇನ್ನೇನು ಕೆಟ್ಟದ್ದು ಮಾಡುತ್ತೋ ನೋಡೇ ಬಿಡೋಣ."

ನಾಲ್ಕು ಲಾರಿಗೂ ಸುತ್ತಿಸಿ ಕುಂಬಳಕಾಯಿಯನ್ನು ರಸ್ತೆಯ ನಡುವೆ ಅಪ್ಪಳಿಸಿದಳು. ಕುಂಕುಮದ ನೀರು ಡಾಂಬರಿನ ಮೇಲೆ ಚೆಲ್ಲಿತು. ರಾಮಯ್ಯ ಲಾರಿಯನ್ನು ಒಂದು ಮಾರು ಮುಂದೆ ಬಿಟ್ಟ. ನಿಂಬೆಹಣ್ಣು ಗಾಲಿಯಡಿ ಪಟ್ಟೆಂದಿತು.

ಅಷ್ಟರಲ್ಲಿ ಮನೆಯಿಂದ ಓಡೋಡಿ ಬಂದ ಕೊಟ್ರಬಸಪ್ಪನ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನ್ರೋ ಇದು ನಾಟಕ? ಲಾರಿ ಯಾಕೆ ಹೊರಟಿಲ್ಲ? ಯಾರನ್ನ ಕೇಳಿ ಹಾರ ಹಾಕಿದ್ರಿ?"

"ಪೂಜೆ ಆಯ್ತು ಸಾವ್ಕಾರ್ರೆ," ಎಂದ ರಾಮಯ್ಯ ಕ್ಯಾಬಿನ್ನಿನಿಂದ ಇಳಿಯುತ್ತ. "ಎಣ್ಣೆ."

ಕೊಟ್ರಬಸಪ್ಪನಿಗೆ ಈಗ ಅರ್ಥವಾಯಿತು. ಹಿಂದಿನ ರಾತ್ರಿ ತಾನು ಕೊಟ್ಟ ಮಾತನ್ನು ಅವನು ಮರೆತಿರಲಿಲ್ಲ. ಅದಕ್ಕೆ ಇಂಥ ಬಾಗಿಲೊಂದು ಇರಬಹುದು ಎಂದು ಹೊಳೆದಿರಲಿಲ್ಲ, ಅಷ್ಟೇ.

"ಇದು ಪೂಜೆ ಅಲ್ಲ. ಮಂತ್ರ ಇಲ್ಲ, ಮುಹೂರ್ತ ಇಲ್ಲ. ಈ ಪೂಜೆ ನಡೆಯಲ್ಲ."

"ನಡೆಯಲ್ಲ ಅಂದ್ರೆ ಒಡೆದಿರೋ ಕುಂಬಳಕಾಯಿ ಕೂಡಿಸಿ ಕೊಡಿ, ಮನೆಗೆ ತಗೊಂಡು ಹೋಗಿ ಪಲ್ಯ ಮಾಡ್ತೀವಿ," ಎಂದಳು ದ್ಯಾಮಮ್ಮ.

ನೆರೆದವರು ಗೊಳ್ಳೆಂದರು. ಇಡ್ಲಿ ಹೋಟೆಲಿನ ಮುಂದೆ ನಿಂತಿದ್ದ ಅಡಿಕೆ ವ್ಯಾಪಾರಿಯೊಬ್ಬ, ಕೊಟ್ರಬಸಪ್ಪನ ಸರೀಕ, "ಮಾತು ಕೊಟ್ಟಿದ್ರೆ ಹಾಕಿಸಿಬಿಡು ಮಾರಾಯ, ಒಂದು ಲಾರಿ ಎಣ್ಣೆಗೆ ಯಾಕೆ ರಸ್ತೇಲಿ ರಂಪ," ಎಂದ. ಜಗಳದಲ್ಲಿ ಸೋಲದಿದ್ದ ಸಾವ್ಕಾರ ಸರೀಕನ ಕನಿಕರಕ್ಕೆ ಸೋತ. ಸೊಂಟದ ಗೊಂಚಲಿನಿಂದ ಎಣ್ಣೆ ಕೋಣೆಯ ಬೀಗದಕೈ ಕಿತ್ತು ಪಳನಿಯ ಕಡೆ ಎಸೆದ.

"ಬದಲಾಯಿಸು. ಈ ರಾಮಯ್ಯನ ಲಾರಿಗೆ. ಬೇಗ ಮುಗಿಸು."

ಪಳನಿ ಗೇರ್ ಎಣ್ಣೆಯ ಪೀಪಾಯಿಯನ್ನು ಉರುಳಿಸಿಕೊಂಡು ಬಂದು ರಸ್ತೆಯಂಚಿನಲ್ಲಿ ನಿಲ್ಲಿಸಿದ. ಲಾರಿಯನ್ನು ಶೆಡ್ಡಿನೊಳಗೆ ತರಲು ಸಾವ್ಕಾರ ಹೇಳಿದ. ರಾಮಯ್ಯ ಕೇಳಿಸಲೇ ಇಲ್ಲವೆಂಬಂತೆ ನಿಂತ. ಎಲ್ಲರ ಕಣ್ಣೆದುರೇ ಪಳನಿ ಅಗಲ ಬಾಂಡಲಿಯೊಂದನ್ನು ಹೌಸಿಂಗಿನಡಿ ಇಟ್ಟು ಕೆಳಗಿನ ಬಿರಡೆ ಬಿಚ್ಚಿದ.

ಮೊದಲು ನೀರು ಬಂತು. ಬರೀ ನೀರು, ಕಾಡಿನ ಹಳ್ಳದ್ದು. ಆಮೇಲೆ ಗಟ್ಟಿ ಮಜ್ಜಿಗೆಯಂಥದು ಲೊಳಕ್ ಲೊಳಕ್ ಎಂದು ಬಿತ್ತು. ಅದರಲ್ಲಿ ಮರದ ಹುಡಿಯ ಮುದ್ದೆ, ಕಪ್ಪಾದ ಬಾಳೆಸಿಪ್ಪೆ. ಕೊನೆಗೆ ಬಾಂಡಲಿಯ ತಳಕ್ಕೆ ಟಣ್ಣೆಂದು ಏನೋ ಬಿತ್ತು. ಪಳನಿ ಕೈಹಾಕಿ ಎತ್ತಿದ. ಹಲ್ಲುಚಕ್ರದ ಒಂದು ಮುರಿದ ತುದಿ, ಕಡಲೆಬೀಜದಷ್ಟು.

ಅವನು ಅದನ್ನು ಯಾರಿಗೂ ಕೊಡದೆ ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿ, "ಅಕ್ಕಾ, ನಿಮ್ ತಮ್ಮನ ಲಾರೀಗೂ ನಾನೇ ಹಣ್ಣು ಹಾಕಿದ್ದು. ಸಾವ್ಕಾರ್ ಹೇಳಿದ್ರು, ಹಾಕಿದೆ," ಎಂದ.

ಗುಂಪಿನಲ್ಲಿ ಯಾರೋ ಹಿಂದಿನಿಂದ, "ಹಂಗಾದ್ರೆ ಪುಟ್ಟಯ್ಯ..." ಎಂದು ಶುರುಮಾಡಿ ನಿಲ್ಲಿಸಿದರು.

ಹುಲಿಗೆಮ್ಮ ಅಳಲಿಲ್ಲ. ಪಳನಿಯನ್ನು ಬೈಯಲೂ ಇಲ್ಲ. "ಈ ಚಕ್ರ ಇನ್ನು ಓಡುತ್ತೇನೋ?" ಎಂದು ಕೇಳಿದಳು.

"ಓಡಲ್ಲಕ್ಕ. ಎಣ್ಣೆ ಹಾಕಿದ್ರೂ ಓಡಲ್ಲ. ಹಲ್ಲುಚಕ್ರ ಹೊಸದು ಬೇಕು."

"ಸುಳ್ಳು!" ಕೊಟ್ರಬಸಪ್ಪ ಕೂಗಿದ. "ಎಲ್ಲರೂ ಸೇರಿ ಸಂಚು ಮಾಡಿದೀರಿ. ಪೊಲೀಸ್ರನ್ನ ಕರೆಸ್ತೀನಿ. ನನ್ನ ಲಾರಿ, ನನ್ನ ಎಣ್ಣೆ, ನನ್ನ ರಸ್ತೆ..."

"ರಸ್ತೆ ನಿಮ್ಮದಲ್ಲ," ಎಂದ ಅಡಿಕೆ ವ್ಯಾಪಾರಿ.

"ಕರೆಸ್ರಿ ಸಾವ್ಕಾರ್ರೆ," ಎಂದಳು ಹುಲಿಗೆಮ್ಮ. "ನಾವೇ ಕರೀಬೇಕು ಅಂತಿದ್ವಿ. 'ಕುಡಿದಿದ್ದ' ಅಂತ ಬರ್ಕೊಂಡೋರು ಬಂದು ಈ ಬಾಂಡಲಿ ಮೂಸಿ ನೋಡ್ಲಿ. ಸಾರಾಯಿ ವಾಸನೆ ಬರುತ್ತೋ, ಬಾಳೆಹಣ್ಣಿಂದು ಬರುತ್ತೋ, ಅದನ್ನೂ ಬರ್ಕೊಳ್ಳಲಿ."

ಕೊಟ್ರಬಸಪ್ಪ ಪೊಲೀಸರನ್ನು ಕರೆಸಲಿಲ್ಲ. ದನಿ ಇಳಿಸಿದ, ಹಳೆಯ ನಗೆಯನ್ನು ಎಲ್ಲಿಂದಲೋ ಹುಡುಕಿ ತಂದು ತುಟಿಗೆ ಅಂಟಿಸಿದ. "ಆಯ್ತಪ್ಪ, ಆಯ್ತು. ರಾಮಯ್ಯನ ಲಾರಿ ನಿಲ್ಲಲಿ. ಚಕ್ರ ತರಿಸ್ತೀನಿ. ನಿನ್ನ ಹಟ ಗೆದ್ದಿತಲ್ಲವ್ವ ಹುಲಿಗೆಮ್ಮ? ಈಗ ಮಿಕ್ಕ ಮೂರು ಲಾರಿ ಹೊರಡಲಿ. ಕಾಡಲ್ಲಿ ಇದ್ದಿಲು ಕಾಯ್ತಿದೆ. ಪಳನಿ, ಪೀಪಾಯಿ ಒಳಗೆ ತಗೊಂಡ್ಹೋಗು."

ಮೂವರು ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನ ಕೈ ಆಗಲೇ ಬಾಗಿಲ ಹಿಡಿಕೆಗೆ ಹೋಗಿತ್ತು. ಇಷ್ಟು ದಿನ ನಡೆದದ್ದು ಹೀಗೆಯೇ. ಸದ್ದು ಮಾಡಿದವನೊಬ್ಬನ ಬಾಯಿಗೆ ಹಣ್ಣಿಟ್ಟರೆ ಮಿಕ್ಕವರು ಹೊರಡುತ್ತಿದ್ದರು.

ಆಗ ದ್ಯಾಮಮ್ಮ ಆರತಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಣ್ಣೆ ಪೀಪಾಯಿಯ ಮೇಲೆ ಹತ್ತಿ ಕೂತಳು.

"ಇಳಿಯಮ್ಮ ಕೆಳಗೆ," ಎಂದ ಕೊಟ್ರಬಸಪ್ಪ.

"ಇಳಿಯಲ್ಲ. ನಾಲ್ಕಕ್ಕೂ ಅಂತ ಮಾತು ಕೊಟ್ಟಿದ್ರಿ."

"ರಾಮಯ್ಯ, ನಿನ್ನ ಹೆಂಡ್ತಿಗೆ ಹೇಳೋ."

"ನಾನು ಹೇಳಿದ್ದನ್ನ ಅವಳು ಯಾವತ್ತು ಕೇಳಿದಾಳೆ ಸಾವ್ಕಾರ್ರೆ," ಎಂದ ರಾಮಯ್ಯ. "ಅಲ್ಲದೆ ನನ್ನ ಲಾರಿದು ಮುಗೀತು ಅಂತ ನಾನ್ಯಾಕೆ ಸುಮ್ಮನಿರಲಿ? ನಾಳೆ ಅವಳು ಹತ್ತೋದು ಈ ಮೂರರಲ್ಲಿ ಯಾವುದನ್ನೋ."

"ನಿನಗೆ ನಾಳೆಯಿಂದ ಕೆಲಸ ಇಲ್ಲ!"

"ಇಲ್ದಿದ್ರೆ ಇಲ್ಲ. ಇವತ್ತು ಇದೆಯಲ್ಲ." ರಾಮಯ್ಯ ಬಾಂಡಲಿಯನ್ನು ಕಾಲಿನಿಂದ ಎರಡನೇ ಲಾರಿಯ ಕಡೆಗೆ ತಳ್ಳಿದ.

ಬಾಗಿಲ ಹಿಡಿಕೆ ಹಿಡಿದಿದ್ದ ಡ್ರೈವರು ಕೈ ಬಿಟ್ಟ. ಮೂಟೆ ಹೊರುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಲಾರಿಗಳ ಮುಂದೆ, ಹೂವು ಚೆಲ್ಲಿದ್ದ ರಸ್ತೆಯ ಮೇಲೆ, ಮಡಿಸೀರೆಯಲ್ಲೇ ಕೂತರು. ಭದ್ರಾವತಿ ಬಸ್ಸು ಬಂದು ಹಾರನ್ ಹೊಡೆಯಿತು. ಯಾರೂ ಏಳಲಿಲ್ಲ. ಬಸ್ಸಿನ ಡ್ರೈವರು ಇಳಿದು ಬಂದ, ಬಾಂಡಲಿ ನೋಡಿದ, ಬೆರಳು ಅದ್ದಿ ಮೂಸಿದ, ಮತ್ತೆ ಹಾರನ್ ಹೊಡೆಯಲಿಲ್ಲ.

ಪಳನಿ ಎರಡನೇ ಲಾರಿಯಡಿ ತೂರಿದ.

"ಯಾರನ್ನ ಕೇಳಿ ಬಿಚ್ತಿದೀಯೋ?" ಕೊಟ್ರಬಸಪ್ಪನ ದನಿ ಒಡೆಯಿತು. "ಲೇ ಪಳನಿ! ನಿನ್ನನ್ನೇ!"

ಅಡಿಯಿಂದ ಬಂದದ್ದು ಸ್ಪ್ಯಾನರು ಬಿರಡೆಗೆ ಹಿಡಿದ ಸದ್ದು, ಅದು ತಿರುಗಿದ ಸದ್ದು. ಇಳಿಯುವ ಎಣ್ಣೆಯ ಬಣ್ಣ ಏನಿರಬಹುದೆಂದು ಡ್ರೈವರುಗಳು ಬಗ್ಗಿದರು, ಹೆಂಗಸರು ಬಗ್ಗಿದರು, ಬಸ್ಸಿನವನು ಬಗ್ಗಿದ, ಪೂಜೆಯನ್ನು ಬೈದಿದ್ದ ಮುದುಕನೂ ಪಂಚೆ ಎತ್ತಿಕೊಂಡು ಬಗ್ಗಿದ. ಕೊಟ್ರಬಸಪ್ಪನೊಬ್ಬ ಬಗ್ಗಲಿಲ್ಲ. ಅವನಿಗೆ ಗೊತ್ತಿತ್ತು.